ಕುಡಿಯಲ್ಲ, ಹೊಡೆಯಲ್ಲ, ಆದರೂ ಒಂದು ಕಾದಂಬರಿ

ಪ್ರಶ್ನೆ: ನನಗೆ 44 ವರ್ಷ. ಹಾಸನದಲ್ಲಿದ್ದೇನೆ. ಯಜಮಾನರು ಬ್ಯಾಂಕಿನಲ್ಲಿದ್ದಾರೆ. ಮಗ ಸೆಕೆಂಡ್ ಪಿಯುಸಿ, ಮಗಳು ಏಳನೇ ಕ್ಲಾಸು. ಮೊದಲಿಂದಲೂ ಸಣ್ಣಪುಟ್ಟ ಹಾಸ್ಯ ಲೇಖನ ಬರೆಯುತ್ತಿದ್ದೆ. ಈಗ ಕಾದಂಬರಿಗೆ ಕೈ ಹಾಕಿದ್ದೇನೆ. ನಾಯಕಿ ವಿಮಲಾ. ಮದುವೆಯಾಗಿ 20 ವರ್ಷ ತುಂಬಿದ ದಿನ ಗಂಡ ಅವಳಿಗೆ ವೆಟ್ ಗ್ರೈಂಡರ್ ತಂದುಕೊಡುತ್ತಾನೆ. ಅವತ್ತಿನಿಂದ ಅವಳಿಗೆ ‘ಈ ಮದುವೆ ನನಗೆ ಬೇಕಾ’ ಅಂತ ಶುರುವಾಗುತ್ತದೆ. ಗಂಡ ಕೆಟ್ಟವನಲ್ಲ. ಕುಡಿಯಲ್ಲ, ಹೊಡೆಯಲ್ಲ, ಸಂಬಳ ಮನೆಗೇ ತರುತ್ತಾನೆ. ಪೂರ್ತಿ ನಗಿಸುತ್ತಲೇ ಬರೆಯಬೇಕು ಅಂತ ಆಸೆ. 60 ಪುಟದವರೆಗೆ ಚೆನ್ನಾಗಿ ಬಂತು, ಆಮೇಲೆ ನಗುವೇ ನಿಂತುಹೋಯಿತು. ಓದಿದ ಗೆಳತಿ ‘ಇಂಥ ಗಂಡ ಸಿಕ್ಕಿದ್ದೇ ಪುಣ್ಯ, ನಿನ್ನ ವಿಮಲಾಗೆ ಕೊಬ್ಬು’ ಅಂದಳು. ನಮ್ಮಕ್ಕ ‘ಇದು ನಿನ್ನ ಕಥೇನೇ ಅಲ್ವಾ’ ಅಂತ ಕೇಳಿ ಅತ್ತುಬಿಟ್ಟಳು. ಕೊನೆಗೆ ವಿಮಲಾ ಮನೆ ಬಿಡಬೇಕಾ, ಇರಬೇಕಾ? ಹೆಸರು ಬದಲಿಸಿದರೆ ಸಾಕಾ? ನಮ್ಮವರಿಗೆ ಓದಲು ಕೊಡಬೇಕಾ?

ಉತ್ತರ: ಮೊದಲು ಗೆಳತಿಯ ಮಾತಿಗೆ ಬರುತ್ತೇನೆ. ‘ವಿಮಲಾಗೆ ಕೊಬ್ಬು’ ಅನ್ನುವ ಮಾತನ್ನು ದಯವಿಟ್ಟು ಕಾದಂಬರಿಯೊಳಗೆ ಹಾಕಿ. ವಿಮಲಾಳ ಗೆಳತಿಯೋ ನಾದಿನಿಯೋ ಅದನ್ನು ಹೇಳಲಿ. ನಿಮ್ಮ ಇಡೀ ಕಾದಂಬರಿ ನಿಂತಿರುವುದೇ ಆ ಮಾತಿನ ಮೇಲೆ. ಕುಡುಕ ಗಂಡನ ಮೇಲೆ ದೂರು ಹೇಳಿದರೆ ಊರೆಲ್ಲ ಕೇಳುತ್ತದೆ. ಒಳ್ಳೆಯ ಗಂಡನ ಮೇಲೆ ದೂರು ಹೇಳಲು ಹೋದರೆ ತವರಿನವರೇ ಕಾಫಿ ಕೊಟ್ಟು ವಾಪಸ್ ಕಳಿಸುತ್ತಾರೆ. ಯಾರೂ ಕೇಳಿಸಿಕೊಳ್ಳದ ಈ ಚಿಲ್ಲರೆ ದೂರುಗಳು ದುರಂತ ಕಾದಂಬರಿಗೆ ಸಾಲುವುದಿಲ್ಲ. ಹಾಸ್ಯಕ್ಕೆ ಮಾತ್ರ ಹೇಳಿ ಮಾಡಿಸಿದ ಹಾಗಿರುತ್ತವೆ.

ಪುರವಣಿಗೆ ಬಂದ ಕಥೆಗಳನ್ನು ತಿದ್ದುವುದು, ಹಾಸ್ಯ ಬರೆಯುವವರ ಕಮ್ಮಟ ನಡೆಸುವುದು, ಇಷ್ಟೇ ನನ್ನ ಕಸುಬು. ಇದರಲ್ಲಿ ಪದೇ ಪದೇ ಕಾಣುವುದು ಒಂದಿದೆ. ಗೃಹಿಣಿಯ ಬೇಜಾರಿನ ಮೇಲೆ ಬರೆಯುವವರು ಅರ್ಧ ದಾರಿಯಲ್ಲಿ ಹೆದರಿ, ಗಂಡನಿಗೆ ಒಂದು ಕೆಟ್ಟ ಚಟ ಅಂಟಿಸಿಬಿಡುತ್ತಾರೆ. ಆಫೀಸಿನಲ್ಲಿ ಒಬ್ಬಳು ಸ್ನೇಹಿತೆ, ಇಲ್ಲವೇ ಗುಟ್ಟಾಗಿ ಮಾಡಿದ ಸಾಲ. ‘ನೋಡಿ, ಕಾರಣ ಇತ್ತು’ ಅಂತ ಓದುಗರಿಗೆ ಸಮಜಾಯಿಷಿ ಕೊಡುವ ಹಂಬಲ ಅದು. ಹಾಗೆ ಮಾಡಿದ ಮರುಕ್ಷಣ ಕಾದಂಬರಿ ಬೇರೆ ಆಗುತ್ತದೆ, ನಗು ಹೋಗುತ್ತದೆ. ನೀವು ಇನ್ನೂ ಹಾಗೆ ಮಾಡಿಲ್ಲ. ಮಾಡಲೂಬೇಡಿ.

ಒಂದು ಗೆರೆ ಮಾತ್ರ ಇಲ್ಲೇ ಎಳೆಯುತ್ತೇನೆ. ಈ ಬಗೆಯ ಹಾಸ್ಯ ನಡೆಯುವುದು ಹೆಂಡತಿಗೆ ಗಂಡನ ಭಯ ಇಲ್ಲದ ಮನೆಯಲ್ಲಿ. ಭಯ ಇರುವ ಕಡೆ ಬೇಕಾಗುವುದು 181 ಸಹಾಯವಾಣಿ, 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆ. ಕಾದಂಬರಿ ಆಮೇಲೆ ಬರೆದುಕೊಳ್ಳಬಹುದು. ನಿಮ್ಮ ಪತ್ರದಲ್ಲಿ ಭಯದ ವಾಸನೆ ನನಗೆ ಬರಲಿಲ್ಲ, ಹಾಗಾಗಿ ಮುಂದಕ್ಕೆ ಹೋಗೋಣ.

ಇನ್ನು ಈ ವಿಷಯದ ಸುತ್ತ ಓಡಾಡುವ ಒಂದೆರಡು ತಪ್ಪು ತಿಳಿವಳಿಕೆ. ಹೆಂಗಸರು ಮನೆಯೊಳಗಿನದನ್ನು ಹಾಸ್ಯ ಮಾಡುವುದು ಈಚಿನ ಫ್ಯಾಷನ್ ಅಂತ ಕೆಲವರು ಅಂದುಕೊಂಡಿದ್ದಾರೆ. ವೈದ್ಯರಾಗಿದ್ದ ರಾಶಿಯವರು 1942ರಲ್ಲಿ ‘ಕೊರವಂಜಿ’ ಹಾಸ್ಯ ಪತ್ರಿಕೆ ಶುರು ಮಾಡಿದರು. 25 ವರ್ಷ ನಡೆದ ಆ ಪತ್ರಿಕೆಯಲ್ಲೇ ಟಿ. ಸುನಂದಮ್ಮ ಬರೆಯುತ್ತಿದ್ದರು. ಅಡುಗೆಮನೆ, ನೆಂಟರು, ಮಹಿಳಾ ಸಮಾಜ, ಎಲ್ಲವೂ ಅವರ ಕೈಗೆ ಸಿಕ್ಕಿದ್ದವು. ಅಂದರೆ ನಿಮಗಿಂತ ಮುಂಚೆ ಈ ದಾರಿಯಲ್ಲಿ ನಡೆದವರಿದ್ದಾರೆ. ಯಾರಾದರೂ ‘ಹೆಂಗಸರಿಗೆ ಇದೆಲ್ಲ ಯಾಕೆ’ ಅಂದರೆ ತಲೆ ಕೆಡಿಸಿಕೊಳ್ಳಬೇಡಿ.

ಇನ್ನೊಂದು, ಹಾಸ್ಯೋತ್ಸವಗಳ ಹೆಂಡತಿ ಜೋಕನ್ನು ತಿರುವಿ ಹಾಕಿದರೆ ಹೆಂಗಸರ ಹಾಸ್ಯ ಆಗುತ್ತದೆ ಅನ್ನುವುದು. ಆಗುವುದಿಲ್ಲ. ಅಲ್ಲಿ ಹೆಂಡತಿ ಪೆದ್ದಿ, ಇಲ್ಲಿ ಗಂಡ ಪೆದ್ದ. ಅದು ಮೂರು ನಿಮಿಷ ನಡೆಯುತ್ತದೆ, ಮುನ್ನೂರು ಪುಟ ನಡೆಯುವುದಿಲ್ಲ. ವಿಮಲಾಳ ಗಂಡನಿಗೂ ಒಳ್ಳೆಯ ಮಾತುಗಳು ಬೇಕು. ಕೆಲವು ಜಗಳ ಅವನೇ ಗೆಲ್ಲಬೇಕು. ನೀವು ಕಳಿಸಿದ 140 ಪುಟದಲ್ಲಿ ಅವನು ಒಂದು ಸಲವೂ ಗೆದ್ದಿಲ್ಲ, ಎಣಿಸಿ ನೋಡಿ.

ಅಂದರೆ 60ನೇ ಪುಟದ ರೋಗಕ್ಕೆ ಬಂದ ಹಾಗಾಯಿತು. ಹಸ್ತಪ್ರತಿಯಲ್ಲಿ 61ನೇ ಪುಟದಿಂದ ವಿಮಲಾ ಯೋಚಿಸುವುದು ಜಾಸ್ತಿ, ಮಾಡುವುದು ಕಮ್ಮಿ. ಗ್ರೈಂಡರ್ ಬಂದ ರಾತ್ರಿಯ ನಿಮ್ಮ ವಾಕ್ಯ ಹೀಗಿದೆ: ‘ಇಪ್ಪತ್ತು ವರ್ಷದಲ್ಲಿ ಅವನು ತನ್ನನ್ನು ಒಬ್ಬ ವ್ಯಕ್ತಿಯಾಗಿ ನೋಡಿಯೇ ಇಲ್ಲ, ತಾನು ಬರೀ ಒಂದು ಯಂತ್ರ ಎಂದು ವಿಮಲಾಗೆ ಅನಿಸಿತು.’ ತಪ್ಪೇನಿಲ್ಲ. ಆದರೆ ಇದನ್ನು ಯಾರು ಬೇಕಾದರೂ ಬರೆಯಬಹುದು. ಇದನ್ನು ಓದಿದವರು ತಲೆಯಾಡಿಸುತ್ತಾರೆ, ನಗುವುದಿಲ್ಲ.

ಎರಡು ಪುಟ ಹಿಂದೆ ನೀವೇ ಸುಮ್ನೆ ಒಂದು ವಿವರ ಬಿಟ್ಟುಹೋಗಿದ್ದೀರಿ. ಗಂಡ ಡಬ್ಬ ಬಿಚ್ಚಿ, ಥರ್ಮಾಕೋಲು ಬದಿಗಿಟ್ಟು, ಕನ್ನಡಕ ಹಾಕಿಕೊಂಡು ವಾರಂಟಿ ಕಾರ್ಡು ತುಂಬುತ್ತಾನೆ. ಅಲ್ಲೇ ನಿಲ್ಲಿ. ಅದನ್ನು ಹೀಗೆ ಬರೆದರೆ ಹೇಗಿರುತ್ತದೆ ನೋಡಿ:

‘ಗ್ರೈಂಡರಿಗೆ ಐದು ವರ್ಷ ವಾರಂಟಿ ಇತ್ತು. ಅವನು ಕಾರ್ಡಿನಲ್ಲಿ ಮಾಡೆಲ್ ನಂಬರು ಬರೆದ, ತಾರೀಕು ಬರೆದ. ಮಾಲೀಕರ ಹೆಸರು ಅನ್ನುವ ಕಡೆ ಒಂದು ಗಳಿಗೆ ಪೆನ್ನು ನಿಂತಿತು. ವಿಮಲಾ ಬಗ್ಗಿ ನೋಡಿದಳು. ಅವನು ತನ್ನ ಹೆಸರು ಬರೆದ. ಆಮೇಲೆ ಅವಳ ಕಡೆ ತಿರುಗಿ, ಇನಿಷಿಯಲ್ ಮುಂದೆ ಹಾಕಲೋ ಹಿಂದೆ ಹಾಕಲೋ ಅಂತ ಕೇಳಿದ.’

‘ವ್ಯಕ್ತಿ’, ‘ಯಂತ್ರ’ ಎರಡೂ ಬೇಡವಾಯಿತು. ಗಂಡ ಕೆಟ್ಟವನೂ ಆಗಲಿಲ್ಲ, ಪಾಪ, ಇನಿಷಿಯಲ್ ಬಗ್ಗೆ ಅವಳ ಸಲಹೆ ಕೇಳಿದ್ದಾನೆ. 61ರಿಂದ ಮುಂದೆ ‘ಅನಿಸಿತು’ ಅಂತ ಬಂದ ಕಡೆಯಲ್ಲೆಲ್ಲ ಪೆನ್ಸಿಲಿನಿಂದ ಗುರುತು ಹಾಕಿ. ಪ್ರತಿ ‘ಅನಿಸಿತು’ ಬದಲು ಒಂದು ಸಾಮಾನು, ಒಂದು ಮಾತು ಅಥವಾ ಒಂದು ಕೆಲಸ ಇಡಲು ಆಗುತ್ತದಾ ನೋಡಿ.

ಎರಡನೇ ಕಾರಣ ಇನ್ನೂ ದೊಡ್ಡದು. ಅಲ್ಲಿಂದಾಚೆ ವಿಮಲಾ ಯಾವಾಗಲೂ ಸರಿ. ಅತ್ತೆ ತಪ್ಪು, ನಾದಿನಿ ತಪ್ಪು, ಮಕ್ಕಳಿಗೆ ಕೃತಜ್ಞತೆ ಇಲ್ಲ. ಯಾವಾಗಲೂ ಸರಿಯಾಗಿರುವ ಹೆಂಗಸು ಪಕ್ಕದ ಮನೆಯಲ್ಲಿದ್ದರೆ ನಾವು ಕಾಂಪೌಂಡಿನ ಆ ಕಡೆ ಹೋಗುವುದಿಲ್ಲ, ಕಾದಂಬರಿಯಲ್ಲಿ ಮಾತ್ರ ಯಾಕೆ ಜೊತೆಗಿರುತ್ತೇವೆ? ಮೊದಲ 60 ಪುಟ ನಗಿಸಿದ್ದು ಅವಳ ಹುಳುಕುಗಳಿಂದಲೇ. ಚೀಟಿ ದುಡ್ಡು ಬೇಳೆ ಡಬ್ಬದಲ್ಲಿಟ್ಟು ಮರೆತಳು. ವಾಟ್ಸಾಪ್ ಗ್ರೂಪಿನಲ್ಲಿ ನಾದಿನಿಯ ಸೀರೆಗೆ ಹೃದಯದ ಚಿಹ್ನೆ ಒತ್ತಿ, ಅಡುಗೆಮನೆಗೆ ಬಂದು ಬೈದಳು. ಆ ವಿಮಲಾಳನ್ನು ವಾಪಸ್ ಕರೆತನ್ನಿ. ಗಂಡನನ್ನು ನೋಡಿ ಒಮ್ಮೆ ನಕ್ಕರೆ ಅವಳನ್ನು ನೋಡಿ ಎರಡು ಸಲ ನಗಬೇಕು. ಇದು ನನ್ನ ಲೆಕ್ಕ, ಯಾವ ಪುಸ್ತಕದಲ್ಲೂ ಇಲ್ಲ.

ಮೂರನೆಯದು, ಅವಳಿಗೆ ಏನು ಬೇಕು ಅಂತ ಅವಳಿಗೇ ಗೊತ್ತಿಲ್ಲ. ಜೀವನದಲ್ಲಿ ಅದು ಸಹಜ. ಕಾದಂಬರಿಯಲ್ಲಿ ‘ಏನೋ ಬೇಕು’ ಅನ್ನುವುದು ಹತ್ತು ಪುಟ ಎಳೆಯುತ್ತದೆ, ಅಷ್ಟೇ. ಒಂದು ಸಣ್ಣ, ಕೈಗೆ ಸಿಗುವಂಥ ಆಸೆ ಕೊಡಿ. ಬೀಗ ಇರುವ ಒಂದು ಕಪಾಟು. ಅಥವಾ ವಾರಕ್ಕೆ ಎರಡು ಗಂಟೆ ‘ಅಮ್ಮ, ಅದೆಲ್ಲಿದೆ’ ಅನ್ನುವ ಕೂಗು ಕೇಳದ ಜಾಗ. ಅದಕ್ಕಾಗಿ ಅವಳು ಒಂದು ಸುಳ್ಳು ಹೇಳಲಿ. ವೀಣೆ ಕ್ಲಾಸಿಗೆ ಸೇರಿದೆ ಅಂತ ಹೇಳಿ ಪಾರ್ಕಿನ ಬೆಂಚಿನ ಮೇಲೆ ಕೂತು ಕಡಲೆಕಾಯಿ ತಿನ್ನಲಿ. ಗಂಡ ಒಳ್ಳೆಯವನಲ್ವಾ, ಖುಷಿಯಾಗಿ ಒಂದು ವೀಣೆ ತಂದೇ ಬಿಡುತ್ತಾನೆ. ಅತ್ತೆ ನವರಾತ್ರಿಗೆ ಬೀದಿಯವರನ್ನೆಲ್ಲ ಕರೆಯುತ್ತಾರೆ. ಇಲ್ಲಿ ಕೆಟ್ಟವರು ಯಾರೂ ಇಲ್ಲ, ಆದರೂ ವಿಮಲಾಗೆ ಉಸಿರು ಕಟ್ಟುತ್ತಿದೆ. ನಿಮ್ಮ ಕಾದಂಬರಿ ಹೇಳಬೇಕಾದದ್ದೂ ಇದನ್ನೇ ತಾನೇ?

ಅವಳ ಬೇಜಾರಿಗೆ ಬುಡ ಎಲ್ಲಿದೆ ಅನ್ನುವುದು ಬರೆಯುವ ನಿಮಗೆ ಗೊತ್ತಿರಲಿ, ಅವಳ ಬಾಯಲ್ಲಿ ಹೇಳಿಸಬೇಕಿಲ್ಲ. ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆ ಪ್ರಕಾರ ಸಂಬಳವಿಲ್ಲದ ಮನೆಗೆಲಸಕ್ಕೆ ಹೆಂಗಸರು ದಿನಕ್ಕೆ 289 ನಿಮಿಷ ಕೊಡುತ್ತಾರೆ, ಗಂಡಸರು 88 ನಿಮಿಷ. ಇದು ಅವತ್ತು ಏನಾದರೂ ಮನೆಗೆಲಸ ಮಾಡಿದವರ ಸರಾಸರಿ. ಕಡ್ಡಿ ಈ ಕಡೆಯಿಂದ ಆ ಕಡೆ ಇಡದವರು ಈ ಲೆಕ್ಕದಲ್ಲೇ ಇಲ್ಲ. ಈ ಅಂಕಿಯನ್ನು ಭಾಷಣವಾಗಿ ಹಾಕಿದರೆ ಪುಟ ಸಾಯುತ್ತದೆ. ವಿಮಲಾ ಬ್ಯಾಂಕಿನವನ ಹೆಂಡತಿ, ಪಾಸ್‌ಬುಕ್ಕಿನ ಹಾಗೆ ಒಂದು ನೋಟ್‌ಬುಕ್ಕಿನಲ್ಲಿ ನಿಮಿಷಗಳ ಜಮಾ ಖರ್ಚು ಬರೆಯಲು ಶುರು ಮಾಡಿದರೆ? ಗಂಡ ಅದನ್ನು ನೋಡಿ, ವಿಷಯ ಬಿಟ್ಟು, ಕೂಡಿಸುವಾಗ ಆದ ತಪ್ಪು ತೋರಿಸಿದರೆ?

ಸರ್ಕಾರವೂ ನಿಮಗೆ ಬೇಕಾದಷ್ಟು ಸರಕು ಕೊಟ್ಟಿದೆ. ಗೃಹಲಕ್ಷ್ಮಿ ಯೋಜನೆಯಲ್ಲಿ ಮನೆಯ ಯಜಮಾನಿಗೆ ತಿಂಗಳಿಗೆ 2,000 ರೂಪಾಯಿ. ಆದರೆ ಗಂಡ ಆದಾಯ ತೆರಿಗೆ ಕಟ್ಟುವವನಾದರೆ ಇಲ್ಲ. ಅಂದರೆ ವಿಮಲಾ ಮನೆಯಲ್ಲಿ ಯಜಮಾನಿ ಅಲ್ಲ, ಸರ್ಕಾರದ ಕಡತದಲ್ಲೂ ಅಲ್ಲ. ಕೆಲಸದಾಕೆಗೆ ಮಾತ್ರ ಆ ಪಟ್ಟ ಸಿಕ್ಕಿದೆ, ಪ್ರತಿ ತಿಂಗಳು ಮೊಬೈಲಿಗೆ ಮೆಸೇಜೂ ಬರುತ್ತದೆ. ಇದನ್ನು ನೀವು ಬಿಟ್ಟಿದ್ದು ನನಗೆ ಆಶ್ಚರ್ಯ.

ಈಗ ಕೊನೆಯ ಅಧ್ಯಾಯ. ನಿಮ್ಮ ಕರಡಿನಲ್ಲಿ ವಿಮಲಾ ವಕೀಲರ ಹತ್ತಿರ ಹೋಗುತ್ತಾಳೆ, ಒಂದೇ ಪ್ಯಾರಾದಲ್ಲಿ ಬಂದುಬಿಡುತ್ತಾಳೆ. ಅಲ್ಲಿ ನಿಮ್ಮ ಒಂದು ತಪ್ಪೂ ಇದೆ: ‘ಬೇಜಾರಾಗಿದೆ ಅಂದರೆ ಸಾಕು, ಡೈವೋರ್ಸ್ ಸಿಗುತ್ತೆ’ ಅಂತ ವಕೀಲರು ಹೇಳುತ್ತಾರೆ. ಸಿಗುವುದಿಲ್ಲ. 1955ರ ಹಿಂದೂ ವಿವಾಹ ಕಾಯ್ದೆಯ 13ನೇ ಸೆಕ್ಷನ್ನಿನಲ್ಲಿ ಕಾರಣಗಳ ಪಟ್ಟಿ ಇದೆ. ಆ ಪಟ್ಟಿಯೇ ಒಂದು ನಗೆ ದೃಶ್ಯ. ನಾನು ಓದುತ್ತಾ ಹೀಗೆ ಕಲ್ಪಿಸಿಕೊಂಡೆ:

‘ಹಿಂಸೆ ಕೊಡ್ತಾರಾ?’

‘ಇಲ್ಲ ಸಾರ್.’

‘ಬೇರೆ ಸಂಬಂಧ?’

‘ಅಷ್ಟೊಂದು ಉತ್ಸಾಹದವರಲ್ಲ.’

‘ಎರಡು ವರ್ಷದಿಂದ ಬಿಟ್ಟು ಹೋಗಿದ್ದಾರಾ?’

‘ವಾಕಿಂಗಿಗೇ ಹೋಗಲ್ಲ.’

‘ಮತಾಂತರ?’

‘ಟೂತ್‌ಪೇಸ್ಟೇ ಬದಲಾಯಿಸಿಲ್ಲ.’

‘ಸನ್ಯಾಸ ತಗೊಂಡಿದ್ದಾರಾ?’

‘ಪೇಪರ್ ತಗೋತಾರೆ. ಬೆಳಗ್ಗೆ ಆರಕ್ಕೆ.’

‘ಏಳು ವರ್ಷದಿಂದ ಬದುಕಿದ್ದಾರೋ ಇಲ್ಲವೋ ಸುದ್ದಿ ಇಲ್ಲ ಅಂದ್ರೂ ಆಗುತ್ತಮ್ಮ.’

‘ಮನೇಲೇ ಕೂತಿದ್ದು ಸುದ್ದಿ ಇಲ್ಲದಿದ್ರೆ?’

ವಕೀಲರು ಕನ್ನಡಕ ತೆಗೆದು, ಇಬ್ಬರೂ ಒಪ್ಪಿದರೆ 13ಬಿ ಇದೆ ಅನ್ನುತ್ತಾರೆ. ಅದಕ್ಕೆ ಒಂದು ವರ್ಷ ಬೇರೆ ಬೇರೆ ಇದ್ದಿರಬೇಕು. ಆದರೆ ಒಂದೇ ಸೂರಿನಡಿ ಇದ್ದರೂ ಗಂಡ ಹೆಂಡತಿಯಂತೆ ಬದುಕದಿದ್ದರೆ ಅದೂ ಬೇರೆ ಇದ್ದ ಹಾಗೇ ಅಂತ ಸುಪ್ರೀಂ ಕೋರ್ಟ್ 1991ರಲ್ಲೇ ಹೇಳಿದೆ. ‘ಹಾಗಾದ್ರೆ ನಮ್ಮದು ಯಾವಾಗಲೋ ಆಯ್ತಲ್ಲ’ ಅಂತ ವಿಮಲಾ ಎದ್ದು ನಿಲ್ಲಬಹುದು. ಅರ್ಜಿ ಹಾಕಿದ ಮೇಲೆ ಆರು ತಿಂಗಳು ಕಾಯುವುದೂ ಇದೆ. 2017ರ ತೀರ್ಪಿನ ನಂತರ ಸರಿಯಾದ ಕಾರಣವಿದ್ದರೆ ಕೋರ್ಟು ಅದನ್ನು ಬಿಡಬಹುದು, ಆದರೆ ನೀವು ಬಿಡಬೇಡಿ. ಆ ಆರು ತಿಂಗಳು ನಿಮ್ಮ ಎರಡನೇ ಭಾಗ ಆಗಬಹುದು.

ಬಿಡಬೇಕಾ, ಇರಬೇಕಾ? ಮೂರು ದಾರಿ ಇವೆ, ಮೂರಕ್ಕೂ ಅಪಾಯ ಇದೆ.

ಅವಳು ಹೋಗಿಯೇಬಿಟ್ಟರೆ ಕೊನೆ ಗಟ್ಟಿಯಾಗಿರುತ್ತದೆ. ಆದರೆ 44ರ ಹೆಂಗಸು ಹೋಗುವುದೆಂದರೆ ಬಾಡಿಗೆ, ಅಡ್ವಾನ್ಸು, ಪಿಯುಸಿ ಪರೀಕ್ಷೆಗೆ ಓದುತ್ತಿರುವ ಮಗ. ಅಷ್ಟನ್ನೂ ಪ್ರಾಮಾಣಿಕವಾಗಿ ಬರೆಯಬೇಕು. ಹಾರಿಸಿದರೆ ಓದುಗರು ಕ್ಷಮಿಸುವುದಿಲ್ಲ. ಅದೂ ಹಾಸನದ ಓದುಗರು.

ಅವಳು ಇದ್ದರೆ ‘ಎಲ್ಲಾ ಸರಿಹೋಯಿತು, ಗಂಡ ಕಾಫಿ ಮಾಡಿಕೊಟ್ಟ’ ಅನ್ನುವ ಬಲೆಗೆ ಬೀಳುವ ಅಪಾಯ. ಒಂದು ಲೋಟ ಕಾಫಿಗೆ 20 ವರ್ಷ ವಜಾ ಮಾಡುವ ಕಥೆಗಳು ನನ್ನ ಮೇಜಿಗೆ ವಾರವಾರ ಬರುತ್ತವೆ. ದಯವಿಟ್ಟು ಬೇಡ. ಇದ್ದೂ ಬಗ್ಗದೆ ಇರುವುದಕ್ಕೆ ಒಂದು ಹಳೆಯ ಮಾದರಿ ಇದೆ. ಇಂಗ್ಲೆಂಡಿನ ಇ.ಎಂ. ಡೆಲಾಫೀಲ್ಡ್ 1929ರ ಕೊನೆಯಲ್ಲಿ ವಾರಪತ್ರಿಕೆಯೊಂದರಲ್ಲಿ ಹಳ್ಳಿಗಾಡಿನ ಗೃಹಿಣಿಯ ದಿನಚರಿ ಬರೆಯಲು ಶುರು ಮಾಡಿದರು. ಅಲ್ಲಿನ ಗಂಡ ಪೇಪರ್ ಹಿಡಿದುಕೊಂಡೇ ನಿದ್ದೆ ಹೋಗುವವನು. ಅವಳು ಎಲ್ಲೂ ಓಡಿಹೋಗುವುದಿಲ್ಲ, ರಾಜಿಯೂ ಆಗುವುದಿಲ್ಲ. ಬರೆಯುತ್ತಾ ಹೋಗುತ್ತಾಳೆ.

ಮೂರನೆಯದು ನನಗೆ ಇಷ್ಟವಾದದ್ದು. ಅವಳು ಹೋಗುತ್ತಾಳೆ, ಆದರೆ ಸಂಜೆಗೆ ಬರುತ್ತಾಳೆ, ಮತ್ತೆ ಹೋಗುತ್ತಾಳೆ. ಹಳೆಯ ಕಥೆಗಳಲ್ಲಿ ಮನೆಬಿಟ್ಟ ಹೆಂಗಸಿಗೆ ಮೊದಲ ತೊಂದರೆ ಬಸ್ ಚಾರ್ಜು. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದು ಆ ತೊಂದರೆಯನ್ನೇ ತೆಗೆದುಹಾಕಿತು. ಸಾಮಾನ್ಯ ಸರ್ಕಾರಿ ಬಸ್ಸು ಹತ್ತಿ, ಆಧಾರ್ ತೋರಿಸಿದರೆ ಶೂನ್ಯ ಟಿಕೆಟ್. ಹಾಸನದಿಂದ ಸಕಲೇಶಪುರ, ಶಿರಾಡಿ ಘಾಟಿ, ಧರ್ಮಸ್ಥಳ. ಅಲ್ಲಿ ಊಟವೂ ಉಚಿತ. ಅಂದರೆ ಒಂದು ರೂಪಾಯಿ ಇಲ್ಲದೆ ವಿಮಲಾ ಗಂಡನನ್ನು ಬೆಳಗ್ಗೆ ಬಿಟ್ಟು, ಮಧ್ಯಾಹ್ನ ಊಟ ಮಾಡಿ, ರಾತ್ರಿ ಮೊಸರಿಗೆ ಹೆಪ್ಪು ಹಾಕುವ ಹೊತ್ತಿಗೆ ವಾಪಸ್ ಬರಬಹುದು. ಘಾಟಿಯಲ್ಲಿ ಸಿಗ್ನಲ್ ಹೋದಾಗ ‘ಬೆಲ್ಲ ಎಲ್ಲಿದೆ’ ಅನ್ನುವ ಕರೆ ಅರ್ಧಕ್ಕೆ ಕಟ್ಟಾಗಲಿ. ಇಲ್ಲಿ ಅಪಾಯ ಏನೆಂದರೆ ಇದು ಬಿಡಿ ಬಿಡಿ ಪ್ರಸಂಗ ಆಗಿಬಿಡಬಹುದು. ಪ್ರತಿ ಸಲ ವಾಪಸ್ ಬಂದಾಗ ಮನೆಯಲ್ಲಿ ಒಂದಾದರೂ ಬದಲಾಗಿರಬೇಕು, ಬೆಲ್ಲ ಎಲ್ಲಿದೆ ಅಂತ ಅವನಿಗೆ ಗೊತ್ತಾಗುವುದಾದರೂ ಸರಿ.

ಹೆಸರು ಬದಲಿಸಿದರೆ ಸಾಕಾ? ಸಾಲದು. ಮಾನಹಾನಿ ಈಗ ಭಾರತೀಯ ನ್ಯಾಯ ಸಂಹಿತೆಯ 356ನೇ ಸೆಕ್ಷನ್ನಿನಲ್ಲಿದೆ. ಓದಿದವರಿಗೆ ಇವರೇ ಅಂತ ಗುರುತು ಸಿಕ್ಕರೆ ಹೆಸರು ಬೇರೆಯಿದ್ದರೂ ತೊಂದರೆ ಬರಬಹುದು. ಹಾಸ್ಯ ಬರೆಯುವವರು ಮುಖ್ಯವಾಗಿ ನೋಡಬೇಕಾದದ್ದು ಅಲ್ಲಿನ ಒಂದು ವಿವರಣೆ: ವ್ಯಂಗ್ಯವಾಗಿ ಹೇಳಿದ್ದೂ ಮಾನಹಾನಿ ಆಗಬಹುದು. ‘ತಮಾಷೆಗೆ ಬರೆದೆ’ ಅನ್ನುವುದು ತಾನಾಗಿಯೇ ರಕ್ಷಣೆ ಕೊಡುವುದಿಲ್ಲ. ತೀರಿಹೋದವರ ಬಗ್ಗೆ ಬರೆದು ಮನೆಯವರ ಮನಸ್ಸು ನೋಯಿಸಿದರೂ ಅದು ಅನ್ವಯಿಸಬಹುದು, ಹಾಗಾಗಿ ಅತ್ತೆಯವರ ಅತ್ತೆಯನ್ನೂ ನೋಡಿಕೊಂಡು ಬರೆಯಿರಿ. ಕೇಸು ಆಗುವುದು ಅಪರೂಪ. ಆದರೂ ಅಮೆರಿಕದ ನೋರಾ ಎಫ್ರಾನ್ ತಮ್ಮ ಮುರಿದ ಮದುವೆಯ ಮೇಲೆ 1983ರಲ್ಲಿ ನಗೆ ಕಾದಂಬರಿ ತಂದಾಗ ಮಾಜಿ ಗಂಡ, ಪತ್ರಕರ್ತ ಕಾರ್ಲ್ ಬರ್ನ್‌ಸ್ಟೀನ್ ಕೋರ್ಟಿಗೆ ಹೋಗುವುದಾಗಿ ಹೆದರಿಸಿದ್ದರು.

ವಿಮಲಾಳ ಗಂಡನನ್ನು ಬ್ಯಾಂಕಿನಿಂದ ಎಬ್ಬಿಸಿ ಬೇರೆ ಕಡೆ ಕೂರಿಸಿ. ವಿಮಾ ಕಚೇರಿಯಾದರೆ ಲೆಕ್ಕದ ಚಟವೂ ಉಳಿಯುತ್ತದೆ, ಪಾಸ್‌ಬುಕ್ಕಿನ ಬದಲು ಪಾಲಿಸಿ ಪುಸ್ತಕ. ಪಿಯುಸಿ ಮಗನನ್ನು ಮಗಳು ಮಾಡಿ. ಮದುವೆಯ ವರ್ಷ, ಬೀದಿ, ಅತ್ತೆಯ ಊರು, ಮೈಮೇಲಿನ ಗುರುತು ಎಲ್ಲ ಬದಲಿಸಿ. ಎಷ್ಟು ಬದಲಿಸುತ್ತೀರೋ ಅಷ್ಟು ಕೈ ಹಗುರಾಗುತ್ತದೆ. ನಡೆದದ್ದಕ್ಕೆ ಅಂಟಿಕೊಂಡವರು ‘ಆದರೆ ಅದು ಹಾಗೇ ಆಗಿದ್ದು’ ಅಂತ ವಾದಿಸುತ್ತಾ ಚೆನ್ನಾಗಿರುವ ಸುಳ್ಳನ್ನು ಕಳೆದುಕೊಳ್ಳುತ್ತಾರೆ.

ಅಕ್ಕನ ಅಳು ಬೇರೆ ವಿಷಯ. ಅವರು ಓದಿದ್ದು ಕಾದಂಬರಿಯನ್ನಲ್ಲ, ನಿಮ್ಮನ್ನು. ಮನೆಯವರಿಗೆ ಕರಡು ಕೊಟ್ಟರೆ ಹೀಗೇ ಆಗುವುದು. ‘ಸ್ವಲ್ಪ ನನ್ನದೂ ಇದೆ, ಜಾಸ್ತಿ ಕಟ್ಟಿದ್ದು’ ಅಂತ ನಿಜ ಹೇಳಿ. ಅವರು ಮತ್ತೆ ‘ನೀನು ಚೆನ್ನಾಗಿದ್ದೀಯ ತಾನೇ’ ಅಂತ ಕೇಳಿದರೆ, ಆ ಪ್ರಶ್ನೆಗೆ ಉತ್ತರ ಕಾದಂಬರಿಯಲ್ಲಿ ಹುಡುಕಬೇಡಿ. ಅಕ್ಕನ ಜೊತೆ ಒಂದು ಸಂಜೆ ಕೂತು ಮಾತಾಡಿ.

ಯಜಮಾನರಿಗೆ ಈಗಲೇ ಕೊಡಬೇಡಿ. ಅವರು ಓದುತ್ತಾರೆ ಅಂತ ಗೊತ್ತಾದ ಕೂಡಲೇ ನೀವು ಗಂಡನ ಪಾತ್ರಕ್ಕೆ ಸಕ್ಕರೆ ಹಾಕಲು ಶುರು ಮಾಡುತ್ತೀರಿ. ಮುಚ್ಚಿಡುವುದೂ ಬೇಡ. ‘ನಗೆ ಕಾದಂಬರಿ ಬರೀತಿದ್ದೀನಿ, ಅದರಲ್ಲಿ ಒಬ್ಬ ಗಂಡ ಇದ್ದಾನೆ, ಮುಗಿದ ಮೇಲೆ ಕೊಡ್ತೀನಿ’ ಅಂದರೆ ಸಾಕು. ಮುಗಿದ ಮೇಲೆ, ಪ್ರಕಾಶಕರಿಗೆ ಕಳಿಸುವ ಮುಂಚೆ ಕೊಡಿ. ಅಚ್ಚಾದ ಮೇಲೆ ಬೇರೆಯವರ ಬಾಯಿಂದ ಕೇಳುವುದಕ್ಕಿಂತ ಅದು ಮೇಲು. ಅವರು ‘ಇದನ್ನು ತೆಗಿ’ ಅಂದರೆ ತೆಗೆಯಲೇಬೇಕು ಅಂತಿಲ್ಲ, ಯಾಕೆ ಅಂತ ಕೇಳಿ. ಕೆಲವೊಮ್ಮೆ ಅವರು ಕೊಡುವ ಕಾರಣ ನೀವು ಬರೆದ ದೃಶ್ಯಕ್ಕಿಂತ ಚೆನ್ನಾಗಿರುತ್ತದೆ.

ಸದ್ಯಕ್ಕೆ ವಕೀಲರ ದೃಶ್ಯವನ್ನು ನಿಮ್ಮದೇ ಮಾತಿನಲ್ಲಿ ಬಿಡಿಯಾಗಿ ಒಂದೂವರೆ ಸಾವಿರ ಪದದೊಳಗೆ ಬರೆದು, ಯೂನಿಕೋಡಿನಲ್ಲಿ ಟೈಪ್ ಮಾಡಿ ಒಂದು ಪತ್ರಿಕೆಗೆ ಕಳಿಸಿ. ಒಟ್ಟಿಗೇ ಎರಡು ಕಡೆ ಬೇಡ. ಯುಗಾದಿ, ದೀಪಾವಳಿ ವಿಶೇಷಾಂಕಕ್ಕೆ ಆದರೆ ತಿಂಗಳುಗಳ ಮುಂಚೆಯೇ ಕಳಿಸಬೇಕು. ಅದು ಅಚ್ಚಾಗುವಷ್ಟರಲ್ಲಿ 61ರಿಂದ 140ರವರೆಗೆ ಹೊಸದಾಗಿ ಬರೆಯಿರಿ. ತಿದ್ದಲು ಹೋಗಬೇಡಿ, ಹಳೆಯದನ್ನು ಪಕ್ಕಕ್ಕಿಟ್ಟು ವೀಣೆಯಿಂದಲೋ ಕಪಾಟಿನಿಂದಲೋ ಶುರು ಮಾಡಿ. ಗ್ರೈಂಡರ್ ಅಡುಗೆಮನೆಯಲ್ಲಿ ಇದ್ದೇ ಇರುತ್ತದೆ. ಅದರ ವಾರಂಟಿ ಮುಗಿಯುವ ದಿನ ಯಾವ ಅಧ್ಯಾಯದಲ್ಲಿ ಬರುತ್ತದೆ ಅಂತ ಮಾತ್ರ ಈಗಲೇ ಲೆಕ್ಕ ಹಾಕಿಟ್ಟುಕೊಳ್ಳಿ.